ಚಪ್ಪಾಳೆ ತಟ್ಟಿ ಹೋಟೆಲು ಉರುಳಿಸಿದವನು

ಲಾಸ್ ವೇಗಸ್ಸಿನಲ್ಲಿ ಕಪ್ಪು ಜನರ ಕೇರಿಯಾದ ವೆಸ್ಟ್‌ಸೈಡಿನಲ್ಲಿ ಯಾವ ಕ್ಷೌರದ ಅಂಗಡಿಗಾದರೂ ಹೋಗಿ ಕೂತು, ಬ್ಲೂ ಕ್ಯಾಮಲ್ ಹೋಟೆಲನ್ನು ಉರುಳಿಸಿದ್ದು ಯಾರು ಎಂದು ಕೇಳಿ. ಕಂಬ ಕಂಬಕ್ಕೂ ತೂತು ಕೊರೆದು ಮದ್ದು ತುಂಬಿದ ಕಂಪನಿಯ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಜಾಗ ಕೊಂಡ ಕುಬೇರರ ಹೆಸರೂ ಬರುವುದಿಲ್ಲ. ಗಿರಾಕಿಯ ಕತ್ತಿನಿಂದ ಕ್ಷೌರದ ಕತ್ತಿ ತೆಗೆಯದೆಯೇ ಅಂಗಡಿಯವನು ಹೇಳುತ್ತಾನೆ: "ಇನ್ಯಾರು? ನಮ್ಮ ಹೋಸಿಯಾ ಪಿಕೆಟ್. ಚಪ್ಪಾಳೆ ತಟ್ಟಿ ಉರುಳಿಸ್ಬಿಟ್ಟ."

ಹನ್ನೆರಡು ಮಹಡಿ, ಆರುನೂರು ಕೋಣೆ, ಮೂರು ಊಟದ ಮನೆ, ಒಂದು ಈಜುಕೊಳ. ಇಷ್ಟನ್ನೂ ಒಂದೇ ಚಪ್ಪಾಳೆಗೆ ನೆಲಸಮ ಮಾಡಿದ ಈ ಮಹಾವೀರ ಐದಡಿ ಐದಂಗುಲದ ಆಳು. ಜೀವಮಾನದಲ್ಲಿ ಒಂದು ಇಲಿಯನ್ನೂ ಕೊಂದವನಲ್ಲ. ಬೋನಿಗೆ ಬಿದ್ದ ಇಲಿಯನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮರಳುಗಾಡಿನ ಅಂಚಿನವರೆಗೆ ಹೋಗಿ ಬಿಟ್ಟು ಬರುವ ಜಾತಿ. ಇಂಥವನಿಗೆ ಇಂಥ ಕೀರ್ತಿ ಹೇಗೆ ಅಂಟಿಕೊಂಡಿತು ಎಂಬುದೇ ಅವನ ಜೀವನಚರಿತ್ರೆ. ಉಳಿದದ್ದೆಲ್ಲ ಹುಟ್ಟಿದ ತಾರೀಕು ಮತ್ತು ಬೂಟಿನ ಅಳತೆ.

ಹೋಸಿಯಾನ ತಾಯಿ ಒಡೆಸ್ಸಾ ಲೂಸಿಯಾನದ ಹತ್ತಿಹೊಲ ಬಿಟ್ಟು ಬಂದವಳು. ಬ್ಲೂ ಕ್ಯಾಮಲ್ಲಿನ ನೆಲಮಾಳಿಗೆಯಲ್ಲಿ ಹತ್ತೊಂಬತ್ತು ವರ್ಷ ಹಾಸಿಗೆಯ ಚಾದರ ಒಗೆದಳು. ಹೋಟೆಲಿನ ಮುಂಬಾಗಿಲು ಹೇಗಿದೆ ಎಂದು ಅವಳು ನೋಡಿದ್ದು ರಸ್ತೆಯ ಆಚೆಯಿಂದ. ಆ ಕಾಲದಲ್ಲಿ ಕಪ್ಪು ಜನಕ್ಕೆ ಹಿಂಬಾಗಿಲು, ಅದೂ ಸೊಂಟಕ್ಕೆ ಏಪ್ರನ್ ಕಟ್ಟಿದ್ದರೆ ಮಾತ್ರ. 1971ರ ಒಂದು ಮಧ್ಯಾಹ್ನ ಬಿಳಿ ಅಂಗಿ, ಕಪ್ಪು ಬೋ ಟೈ ತೊಟ್ಟು, ಇಪ್ಪತ್ತೊಂದು ಎಂಬ ಜೂಜಿನ ಮೇಜಿನಲ್ಲಿ ಇಸ್ಪೀಟು ಹಂಚಲು ಹೋಸಿಯಾ ಅದೇ ಮುಂಬಾಗಿಲಿನಿಂದ ಒಳಗೆ ಹೋದ. ಒಡೆಸ್ಸಾ ಎದುರಿನ ಬಸ್ ನಿಲ್ದಾಣದಲ್ಲಿ ನಿಂತು ನೋಡಿದಳಂತೆ. ಅವನು ಕಣ್ಮರೆಯಾದ ಮೇಲೂ ಎರಡು ಬಸ್ಸು ಬಿಟ್ಟಳಂತೆ.

ಹೋಟೆಲಿನ ನೆತ್ತಿಯ ಮೇಲೆ ನಿಯಾನ್ ದೀಪದ ನೀಲಿ ಒಂಟೆಯೊಂದು ರಾತ್ರಿಯಿಡೀ ನಡೆಯುತ್ತಿತ್ತು. 1979ರ ಗಾಳಿಮಳೆಗೆ ಅದರ ಹಿಂದಿನ ಎಡಗಾಲು ಆರಿಹೋಯಿತು. ಮ್ಯಾನೇಜರುಗಳು ಬಂದರು, ಹೋದರು, ಆ ಕಾಲನ್ನು ಯಾರೂ ಹೊತ್ತಿಸಲಿಲ್ಲ. ಹದಿನೆಂಟು ವರ್ಷ ಆ ಒಂಟೆ ಆಕಾಶದಲ್ಲಿ ಕುಂಟಿತು. ಕೆಲಸಗಾರರು ಹೋಟೆಲಿನ ಹೆಸರನ್ನು ಪೂರ್ತಿ ಹೇಳುತ್ತಲೇ ಇರಲಿಲ್ಲ. "ಒಂಟೆಯಲ್ಲಿದೀನಿ" ಎಂದರೆ ಮುಗಿಯಿತು, ಸಾಲ ಕೊಡುವವನಿಗೂ ಹೆಣ್ಣು ಕೊಡುವವನಿಗೂ ಅಷ್ಟು ಸಾಕಿತ್ತು.

ಇಸ್ಪೀಟು ಹಂಚುವವರಿಗೆ ಒಂದು ಕಟ್ಟಳೆಯುಂಟು. ಗಂಟೆಗೊಮ್ಮೆ ಬದಲಿಯವನು ಹಿಂದಿನಿಂದ ಬಂದು ಭುಜ ತಟ್ಟುತ್ತಾನೆ. ತಟ್ಟಿದ ಕೂಡಲೇ ಎಲೆ ಕೆಳಗಿಡಬೇಕು, ಒಮ್ಮೆ ಚಪ್ಪಾಳೆ ಹೊಡೆಯಬೇಕು, ಎರಡೂ ಕೈಗಳ ಒಳಗನ್ನೂ ಹೊರಗನ್ನೂ ತಿರುಗಿಸಿ ತೋರಿಸಬೇಕು, ಒಂದು ಹೆಜ್ಜೆ ಹಿಂದೆ ಸರಿಯಬೇಕು. ತೋರಿಸುವುದು ಎದುರಿಗೆ ಕೂತ ಆಟಗಾರರಿಗಲ್ಲ. ಚಾವಣಿಯಲ್ಲಿ ಕಪ್ಪು ಗಾಜಿನ ಗೋಳದೊಳಗೆ ಕೂತ ಕ್ಯಾಮೆರಾಕ್ಕೆ. ನನ್ನ ಕೈ ಖಾಲಿ, ಈ ಮೇಜಿನಿಂದ ನಾನು ಏನನ್ನೂ ಒಯ್ಯುತ್ತಿಲ್ಲ ಎಂದು ಅದರ ಅರ್ಥ. ಕೈ ತೋರಿಸುವುದು ಎನ್ನುತ್ತಾರೆ. ಜೇಬಿಗೆ ಕೈ ಹೋಗದಂತೆ ಪ್ಯಾಂಟಿನ ಮೇಲೆ ಏಪ್ರನ್ನನ್ನೂ ಕಟ್ಟಿರುತ್ತಾರೆ. ಆ ವಿಷಯದಲ್ಲಿ ಮಗನೂ ತಾಯಿಯ ದಾರಿಯಲ್ಲೇ ನಡೆದ.

ಇಪ್ಪತ್ತಾರು ವರ್ಷ, ದಿನಕ್ಕೆ ಆರೇಳು ಸಲ. ಮೊದಲ ಕೆಲವು ವರ್ಷಗಳಲ್ಲೇ ಆ ಕೈಗಳು ಹೋಸಿಯಾನ ಮಾತು ಕೇಳುವುದನ್ನೇ ಬಿಟ್ಟಿದ್ದವು. ಮದುವೆಯ ದಿನ ಅರ್ನೆಸ್ಟಿನ್‌ಳ ಬೆರಳಿಗೆ ಉಂಗುರ ತೊಡಿಸಿದ. ಹಿಂದೆ ನಿಂತ ಗೆಳೆಯ ಶಭಾಷ್ ಎಂದು ಭುಜ ತಟ್ಟಿದ. ಹೋಸಿಯಾ ಫಟ್ಟೆಂದು ಚಪ್ಪಾಳೆ ಹೊಡೆದು, ಚರ್ಚಿನ ಸೂರಿಗೆ ಎರಡೂ ಅಂಗೈ ತೋರಿಸಿ, ಒಂದು ಹೆಜ್ಜೆ ಹಿಂದೆ ಸರಿದ. ಪಾದ್ರಿ ಗಾಬರಿಯಾದರು. "ಕೈ ಹಿಡಿದು ಅರ್ಧ ನಿಮಿಷ ಆಗಿಲ್ಲ, ನಾನೇನೂ ತಗೊಂಡಿಲ್ಲ ಅಂದ ಗಂಡು ಈ ಊರಲ್ಲಿ ಇವನೊಬ್ಬನೇ" ಎಂದು ಅರ್ನೆಸ್ಟಿನ್ ಇವತ್ತಿಗೂ ಹೇಳುತ್ತಾಳೆ. ಒಡೆಸ್ಸಾಳ ಸಮಾಧಿಗೆ ಮಣ್ಣು ಹಾಕಿದಾಗಲೂ ಹಾಗೇ ಆಯಿತು. ಯಾರೋ ಸಮಾಧಾನ ಮಾಡಲು ಭುಜ ತಟ್ಟಿದರು. ಅವನು ಆಕಾಶಕ್ಕೆ ಕೈ ತೋರಿಸಿದ. ಅಲ್ಲಿದ್ದವರೆಲ್ಲ ಅದನ್ನು ಭಕ್ತಿ ಎಂದುಕೊಂಡು ಆಮೆನ್ ಎಂದರು.

1997ರ ವಸಂತದಲ್ಲಿ ನೋಟಿಸು ಅಂಟಿಸಿದರು. ಒಂಟೆ ಮುದಿಯಾಯಿತಂತೆ. ಇದನ್ನು ಕೆಡವಿ, ಇದೇ ಜಾಗದಲ್ಲಿ ಮೂರು ಸಾವಿರ ಕೋಣೆಯ, ನಡುವೆ ಸರೋವರವೂ ಬಿಳಿ ಮರಳಿನ ದಂಡೆಯೂ ಇರುವ ಅಜುರಾ ಎಂಬ ರೆಸಾರ್ಟು ಕಟ್ಟುತ್ತಾರಂತೆ. ಮರಳುಗಾಡಿಗೆ ಮರಳು ತರಿಸುವವರ ಧೈರ್ಯಕ್ಕೆ ಹೋಸಿಯಾ ಮೊದಲು ನಕ್ಕ. ಆಮೇಲೆ ಹರಾಜಿನವರು ಬಂದು ಬಾಗಿಲು, ಬೂದಿಬಟ್ಟಲು, ತೊಟ್ಟಿ, ನಲ್ಲಿ ಎಲ್ಲಕ್ಕೂ ಚೀಟಿ ಅಂಟಿಸತೊಡಗಿದಾಗ ಅವನ ನಗು ನಿಂತಿತು.

ಕೊನೆಯ ದಿನ ನೆಲಮಾಳಿಗೆಯ ಸಿಬ್ಬಂದಿ ಊಟದ ಮನೆಯಲ್ಲಿ ಎಲ್ಲರೂ ಸೇರಿದರು. ಅಡುಗೆಯವರು, ಚಾದರದವರು, ಮೇಜಿನವರು, ಸಾಮಾನು ಹೊರುವವರು. ಕರಿದ ಕೋಳಿ, ಪೀಚ್ ಹಣ್ಣಿನ ಸಿಹಿ. ಆ ಊರಿನಲ್ಲಿ ಹೋಟೆಲು ಬೀಳುವುದೆಂದರೆ ಹಬ್ಬ. ಎದುರು ಹೋಟೆಲುಗಳ ಕಿಟಕಿ ಕೋಣೆಗಳು ತಿಂಗಳ ಮೊದಲೇ ಭರ್ತಿಯಾಗುತ್ತವೆ. ಬೀಳುವ ಹೋಟೆಲಿನ ಹೆಸರಿನಲ್ಲಿ ಹೊಸ ಮದ್ಯ ಬೆರೆಸುತ್ತಾರೆ. ಜನ ಕುಡಿದು, ಹತ್ತರಿಂದ ಕೆಳಗೆ ಎಣಿಸಿ, ಧೂಳು ಮೇಲೆದ್ದಾಗ ಚಪ್ಪಾಳೆ ತಟ್ಟುತ್ತಾರೆ. ಎಷ್ಟೋ ಸಲ ಇವರೂ ತಟ್ಟಿದವರೇ. ಆದರೆ ಆವತ್ತು ಹೋಸಿಯಾ ಕುರ್ಚಿ ಹತ್ತಿ ನಿಂತ. ಕುರ್ಚಿ ಹತ್ತಿದರೂ ಹಿಂದಿನ ಸಾಲಿನವರಿಗೆ ಕಾಣಲಿಲ್ಲ ಎಂದು ಮೇಜು ಹತ್ತಿಸಿದರು. ಒಂಟೆ ಬೀಳುವ ದಿನ ನಮ್ಮವರು ಒಬ್ಬರೂ ಅಲ್ಲಿಗೆ ಹೋಗಬಾರದು, ಯಾರೂ ಚಪ್ಪಾಳೆ ತಟ್ಟಬಾರದು, ಅನ್ನ ಹಾಕಿದ ಮನೆಯ ಸಾವಿಗೆ ತಟ್ಟಿದ ಕೈ ಕೈಯಲ್ಲ ಎಂದು ಗುಡುಗಿದ. ಪ್ರಮಾಣ ಮಾಡಿ ಎಂದ.

ಪ್ರಮಾಣಕ್ಕೆ ಬೈಬಲ್ ಬೇಕಿತ್ತು. ಮೇಲೆ ಆರುನೂರು ಕೋಣೆಗಳಲ್ಲಿ ಆರುನೂರು ಬೈಬಲ್ಲುಗಳಿದ್ದವು. ಕೋಣೆಗಳಿಗೆಲ್ಲ ಹರಾಜಿನವರ ಬೀಗ ಬಿದ್ದಿತ್ತು. ಆಗ ಪಕ್ಕದ ಮೇಜಿನಲ್ಲಿ ಹೋಸಿಯಾನ ಜೊತೆ ಇಪ್ಪತ್ತೆರಡು ವರ್ಷ ಎಲೆ ಹಂಚಿದ ಸಿರಿಲೊ, ಫಿಲಿಪ್ಪೀನ್ಸಿನವನು, ಮಹಾ ಕುಚೋದ್ಯಗಾರ, ಮೇಜಿನಿಂದ ಕೆಂಪು ಖಾರದ ಸೀಸೆ ಎತ್ತಿ ಹಿಡಿದ. ಅವನು ಹೋಸಿಯಾನನ್ನು ಕರೆಯುತ್ತಿದ್ದುದು ಕುಯಾ ಎಂದು, ಅವರ ಮಾತಿನಲ್ಲಿ ಅಣ್ಣ.

"ಬೈಬಲ್ ಇಲ್ದಿದ್ರೆ ಇದಾಗುತ್ತೆ ಕುಯಾ. ಅದರ ಮೇಲೆ ಸುಳ್ಳು ಹೇಳಿದ್ರೆ ಸತ್ತ ಮೇಲೆ ಉರಿಯುತ್ತೆ. ಇದರ ಮೇಲೆ ಹೇಳಿದ್ರೆ ಈಗಲೇ."

ನೂರಿಪ್ಪತ್ತು ಜನ ಸಾಲಾಗಿ ಬಂದು ಖಾರದ ಸೀಸೆ ಮುಟ್ಟಿ ಆಣೆ ಇಟ್ಟರು. ಮೊದಲು ಮುಟ್ಟಿದವನು ಹೋಸಿಯಾ. ಇದನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಎಲ್ಲರೂ ನೆನಪಿಟ್ಟುಕೊಂಡರು.

ಆಮೇಲೆ ಐವತ್ತೆಂಟನೆಯ ವಯಸ್ಸಿನಲ್ಲಿ ನಮ್ಮ ವೀರ ದಿಗ್ವಿಜಯಕ್ಕೆ ಹೊರಟ. ಹೊಸ ರೆಸಾರ್ಟುಗಳಲ್ಲಿ ಕೆಲಸ ಕೇಳಲು ಹೋದವರು ಎಲೆ ಹಂಚಿ ತೋರಿಸಬೇಕು. ಅವನು ಹಂಚಿದರೆ ಎಲೆಗಳು ನೀರಿನ ಮೇಲಿನ ಬಾತುಗಳ ಹಾಗೆ ಸಾಲಾಗಿ ಜಾರಿ ಹೋಗಿ, ಹೇಳಿಸಿಕೊಂಡ ಜಾಗದಲ್ಲಿ ನಿಲ್ಲುತ್ತಿದ್ದವು. ಪರೀಕ್ಷೆ ಮಾಡುವ ಹುಡುಗರು, ಅವನ ನೆಕ್‌ಟೈಗಿಂತ ಚಿಕ್ಕವರು, ಬಾಯಿ ಬಿಟ್ಟು ನೋಡುತ್ತಿದ್ದರು. ಕೈ ಬಹಳ ಚೆನ್ನಾಗಿದೆ ಅಂಕಲ್, ನಮ್ಮಲ್ಲಿ ಎಲೆ ಕಲೆಸಲು ಯಂತ್ರವಿದೆ, ಹಂಚಲು ನಗುವ ಹುಡುಗಿಯರಿದ್ದಾರೆ ಎನ್ನುತ್ತಿದ್ದರು. ಏಳು ಕಡೆ ಹೋದ. ಏಳು ಕಡೆಯೂ ಕೈಯನ್ನು ಹೊಗಳಿಸಿಕೊಂಡು ಬರಿಗೈಯಲ್ಲಿ ಬಂದ.

ಅವನಿಗಾಗಿ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಅರ್ನೆಸ್ಟಿನ್‌ಗೆ ಸಕ್ಕರೆ ಕಾಯಿಲೆ. ಹಿಂದಿನ ವರ್ಷ ಬಲಗಾಲಿನ ಒಂದು ಬೆರಳು ತೆಗೆದಿದ್ದರು. ಉಳಿದ ಒಂಬತ್ತಕ್ಕೆ ಒಂಟೆ ಕೊಟ್ಟ ಆಸ್ಪತ್ರೆ ವಿಮೆಯೇ ಆಧಾರ. ಆ ವಿಮೆ ಅಕ್ಟೋಬರಿನ ಕೊನೆಗೆ ಮುಗಿಯುವುದಿತ್ತು.

ಹೀಗಿರುವಾಗ ಅಜುರಾ ಕಂಪನಿಯ ಪ್ರಚಾರದ ಅಧಿಕಾರಿಣಿ ಮಿಸ್ ವಿಂಗೇಟ್ ಬಿಳಿ ಬೂಟು ಹಾಕಿಕೊಂಡು ಮನೆಗೇ ಬಂದಳು. ಅರ್ನೆಸ್ಟಿನ್ ಕೊಟ್ಟ ಸಿಹಿ ಟೀಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕುಡಿಯದೆ, ವಿಷಯ ಹೇಳಿದಳು. ಒಂಟೆಯಲ್ಲಿ ಎಲ್ಲರಿಗಿಂತ ದೀರ್ಘಕಾಲ ದುಡಿದವರು ಮಿಸ್ಟರ್ ಪಿಕೆಟ್. ಕೆಡವುವ ಬೆಳಿಗ್ಗೆ ವೇದಿಕೆಯ ಮೇಲೆ ನಿಂತು ಗುಂಡಿ ಒತ್ತುವ ಗೌರವ ಅವರಿಗೇ ಸಲ್ಲಬೇಕು. ಹಳೆಯ ಸಮವಸ್ತ್ರದಲ್ಲಿ ಬರಬೇಕು. ಗುಂಡಿ ಒತ್ತಿದ ಮರುದಿನದಿಂದ ಅವರು ಅಜುರಾದ ಮೊದಲನೆಯ ನೌಕರ. ಕಟ್ಟಡ ಏಳುವವರೆಗೆ ಮನೆಯಲ್ಲಿದ್ದೇ ಸಂಬಳ, ಗಂಡ ಹೆಂಡತಿ ಇಬ್ಬರಿಗೂ ವಿಮೆ. ಆಮೇಲೆ ಬಾಗಿಲಲ್ಲಿ ನಿಂತು ಬಂದವರನ್ನು ಸ್ವಾಗತಿಸುವ ಕೆಲಸ.

ಕಾಗದವನ್ನು ಮೇಜಿನ ಮೇಲಿಟ್ಟು ಹೋದಳು. ಟೀ ಹಾಗೇ ಉಳಿಯಿತು.

ಹೋಸಿಯಾ ಖಾರದ ಸೀಸೆಯ ಕಥೆ ಹೇಳಿದ. ಅರ್ನೆಸ್ಟಿನ್ ಕಾಲು ಸ್ಟೂಲಿನ ಮೇಲೆ ಚಾಚಿಕೊಂಡು ಕೇಳಿಸಿಕೊಂಡಳು.

"ಅದು ಕಟ್ಟಡ, ಹೋಸಿಯಾ. ನಿಮ್ಮಮ್ಮ ಅಲ್ಲ."

"ಅಮ್ಮ ಹತ್ತೊಂಬತ್ತು ವರ್ಷ..."

"ಹತ್ತೊಂಬತ್ತು ವರ್ಷ ಹಿಂಬಾಗಿಲಿಂದ. ಆ ಲೆಕ್ಕದಲ್ಲಿ ನೋಡಿದ್ರೆ ಅದನ್ನ ಯಾವಾಗಲೋ ಬೀಳಿಸ್ಬೇಕಿತ್ತು."

"ನಾನು ಮುಂಬಾಗಿಲಿಂದ ಹೋದೆನಲ್ಲ."

"ಹೋದೆ. ಈಗ ಆ ಮುಂಬಾಗಿಲನ್ನೂ ಹರಾಜಲ್ಲಿ ಮಾರಿದಾರೆ. ಯಾರೋ ಪುಣ್ಯಾತ್ಮ ಅದನ್ನ ಕೋಳಿಗೂಡಿಗೆ ಹಾಕ್ಕೊಂಡಿರ್ತಾನೆ." ಅವಳು ಕಾಲಿನ ಕಡೆ ನೋಡಲಿಲ್ಲ. ನೋಡದೆ ಇದ್ದುದೇ ಹೋಸಿಯಾನಿಗೆ ಸಾಕಾಯಿತು. ಕಾಗದಕ್ಕೆ ಸಹಿ ಹಾಕಿದ.

ಕದ್ದು ಮಾಡುವ ಪೈಕಿ ಅವನಲ್ಲ. ಮರುದಿನ ಸಿರಿಲೊನ ಮನೆಗೆ ಹೋದ. ಸಿರಿಲೊ ಹಿತ್ತಲಿನಲ್ಲಿ ಮೀನು ಸುಡುತ್ತಿದ್ದ. ಹೋಸಿಯಾ ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ಮೀನು ಸೀದು ಹೋಗಿತ್ತು.

ಸಿರಿಲೊ ಸೀದ ಮೀನನ್ನು ತಿರುವಿ ಹಾಕಿ ಹೇಳಿದ: "ಹೋಗು ಕುಯಾ. ಗುಂಡಿ ಒತ್ತು. ಅತ್ತಿಗೆ ಕಾಲಿಗೋಸ್ಕರ ಅಂತ ನಾನೇ ಎಲ್ಲರಿಗೂ ಹೇಳ್ತೀನಿ. ಬೈತಾರೆ, ಆಮೇಲೆ ಸುಮ್ಮನಾಗ್ತಾರೆ. ಎಲ್ಲರ ಮನೇಲೂ ಒಂದೊಂದು ಕಾಲಿದೆ."

"ಆಣೆ?"

"ಅರ್ಧ ಮುರಿ, ಅರ್ಧ ಉಳಿಸ್ಕೋ. ಒತ್ತಿದ ಮೇಲೆ ಕೈ ಕೆಳಗೆ ಬಿಟ್ಟು ನಿಂತ್ಕೋ. ಚಪ್ಪಾಳೆ ಮಾತ್ರ ತಟ್ಬೇಡ. ಅದನ್ನ ನನ್ನಿಂದ ಯಾರಿಗೂ ಹೇಳಿ ಒಪ್ಸಕ್ಕಾಗಲ್ಲ."

ತಟ್ಟುವುದಿಲ್ಲ ಎಂದು ಹೋಸಿಯಾ ಸಿರಿಲೊನ ತಲೆಯ ಮೇಲೆ ಕೈಯಿಟ್ಟ. ಖಾರದ ಸೀಸೆಗಿಂತ ಅದು ಗಟ್ಟಿ ಆಣೆ.

ಹತ್ತು ದಿನ ಯುದ್ಧದ ತಾಲೀಮು ನಡೆಯಿತು. ರೊಟ್ಟಿ ಡಬ್ಬಿಯ ಮುಚ್ಚಳವೇ ಗುಂಡಿ. ಅರ್ನೆಸ್ಟಿನ್ ಕುರ್ಚಿಯಲ್ಲಿ ಕೂತು ಮೂರು, ಎರಡು, ಒಂದು ಎನ್ನುವುದು. ಹೋಸಿಯಾ ಬಲಗೈ ಎತ್ತಿ ಮುಚ್ಚಳ ಒತ್ತುವುದು. ಕೂಡಲೇ ಎರಡೂ ಕೈಗಳನ್ನು ತೊಡೆಗೆ ಅಂಟಿಸಿ, ಕಲ್ಲಿನ ಹಾಗೆ ನಿಲ್ಲುವುದು. ಒಂದು ಸಲವೂ ತಪ್ಪಲಿಲ್ಲ. ಮುಚ್ಚಳದ ಕೀಲು ಮಾತ್ರ ಮುರಿಯಿತು. ಯಾವ ಮಹಾರಥಿಯೂ ರಣರಂಗಕ್ಕೆ ಇಷ್ಟು ಸಿದ್ಧವಾಗಿ ಹೋಗಿರಲಾರ.

ಅಕ್ಟೋಬರಿನ ಒಂದು ಭಾನುವಾರ, ಬೆಳಕು ಹರಿಯುವ ಹೊತ್ತು. ಎದುರು ರಸ್ತೆಯ ಪಾರ್ಕಿಂಗ್ ಜಾಗದಲ್ಲಿ ವೇದಿಕೆ ಹಾಕಿದ್ದರು. ರಾತ್ರಿಯಿಂದ ಕುಡಿಯುತ್ತಿದ್ದ ಸಾವಿರಾರು ಜನ, ಬ್ಯಾಂಡು, ಬಾಣಬಿರುಸು, ಒಂಟೆಯ ಹಾಲು ಎಂದು ಹೆಸರಿಟ್ಟ ನೀಲಿ ಮದ್ಯ. ವೇದಿಕೆಯ ನಡುವೆ ಕೆಂಪು ಪೆಟ್ಟಿಗೆ, ಅದರ ಮೇಲೆ ಊಟದ ತಟ್ಟೆಯಷ್ಟು ಅಗಲದ ಗುಂಡಿ, ಪೆಟ್ಟಿಗೆಯ ಮುಂದುಗಡೆ ಅಜುರಾ ಎಂದು ಹೊಂಬಣ್ಣದ ಅಕ್ಷರ. ಹಿಂದೆ ಒಂದು ವ್ಯಾನಿನ ಪಕ್ಕ ಕೊಳಕು ಟೋಪಿಯ ಟೆಕ್ಸಸ್ಸಿನವನೊಬ್ಬ ಮಡಿಲಲ್ಲಿ ಸಣ್ಣ ಬೂದು ಡಬ್ಬಿ ಇಟ್ಟುಕೊಂಡು ಕೂತಿದ್ದ. ಧ್ವನಿವರ್ಧಕ ರಿಪೇರಿಯವನಿರಬೇಕೆಂದು ಹೋಸಿಯಾ ಅವನಿಗೆ ತಲೆಬಾಗಿದ.

ತಲೆ ಎತ್ತಿ ನೋಡಿದರೆ, ಅಲ್ಲಿ ಹನ್ನೆರಡನೆಯ ಮಹಡಿಯ ಮೇಲೆ ಒಂಟೆ ನಡೆಯುತ್ತಿತ್ತು. ನಾಲ್ಕೂ ಕಾಲಿನಲ್ಲಿ. ಹದಿನೆಂಟು ವರ್ಷ ಯಾರೂ ಮುಟ್ಟದ ಹಿಂದಿನ ಎಡಗಾಲನ್ನು, ಬೀಳುವಾಗ ಟೀವಿಯಲ್ಲಿ ಚೆನ್ನಾಗಿ ಕಾಣಲಿ ಎಂದು ಹಿಂದಿನ ದಿನ ಹೊತ್ತಿಸಿದ್ದರು. ಹೋಸಿಯಾ ಏಪ್ರನ್ನಿಗೆ ಕೈ ಒರೆಸಿಕೊಂಡ.

ಮಿಸ್ ವಿಂಗೇಟ್ ಅವನ ಕಿವಿಯ ಹತ್ತಿರ ಬಾಯಿ ತಂದು ಕೂಗಿದಳು. ಗದ್ದಲದಲ್ಲಿ ಎಣಿಕೆ ಕೇಳಿಸಲಿಕ್ಕಿಲ್ಲ. ನೀವು ಗುಂಡಿಯ ಮೇಲೆ ಕಣ್ಣಿಡಿ, ಸಮಯಕ್ಕೆ ನಾನು ಸೂಚನೆ ಕೊಡುತ್ತೇನೆ, ಹೆದರಬೇಡಿ. ಹೋಸಿಯಾ ಹೆದರಿರಲಿಲ್ಲ. ಗುಂಡಿಯ ಮುಂದೆ ನಿಂತ, ಬಿಳಿ ಅಂಗಿ, ಕಪ್ಪು ಬೋ ಟೈ, ಎದೆ ಮುಂದೆ, ಕೈ ಮುಂದೆ. ನೆತ್ತಿಯ ಮೇಲೆ ಉದ್ದ ಕೋಲಿನ ತುದಿಯಲ್ಲಿ ಟೀವಿಯವರ ಕಪ್ಪು ಕ್ಯಾಮೆರಾ ಗೋಳದ ಹಾಗೆ ತೂಗುತ್ತಿತ್ತು. ಜನ ಹತ್ತರಿಂದ ಕೆಳಕ್ಕೆ ಕೂಗತೊಡಗಿದರು. ಐದು. ನಾಲ್ಕು. ಕೈ ಗುಂಡಿಯ ಮೇಲೆ ಬಂದು ನಿಂತಿತು. ಎರಡು. ಒಂದು.

ಮಿಸ್ ವಿಂಗೇಟ್ ಹಿಂದಿನಿಂದ ಅವನ ಭುಜ ತಟ್ಟಿದಳು.

ಇಪ್ಪತ್ತಾರು ವರ್ಷದ ಕೈಗಳು ರೊಟ್ಟಿ ಡಬ್ಬಿಯ ಹತ್ತು ದಿನದ ಪಾಠವನ್ನು ಗಾಳಿಗೆ ತೂರಿದವು. ಹೋಸಿಯಾ ಗುಂಡಿಯಿಂದ ಕೈ ತೆಗೆದ. ಫಟ್ಟೆಂದು ಚಪ್ಪಾಳೆ ಹೊಡೆದ. ನೆತ್ತಿಯ ಕ್ಯಾಮೆರಾಕ್ಕೆ ಎರಡೂ ಅಂಗೈ ತೋರಿಸಿದ, ತಿರುಗಿಸಿ ಹಿಂಗೈ ತೋರಿಸಿದ, ಒಂದು ಹೆಜ್ಜೆ ಹಿಂದೆ ಸರಿದು ಬದಲಿಯವನಿಗೆ ಜಾಗ ಬಿಟ್ಟ.

ಬದಲಿಯವನು ಯಾರೂ ಬರಲಿಲ್ಲ. ಆಗ ಅವನಿಗೆ ತಾನು ಮಾಡಿದ್ದು ತಿಳಿಯಿತು. ಗುಂಡಿ ಒತ್ತಿಲ್ಲ. ಆ ಒಂದು ಕ್ಷಣದ ಬಗ್ಗೆ ಅವನು ಅರ್ನೆಸ್ಟಿನ್‌ಗೆ ಮಾತ್ರ ಹೇಳಿದ್ದಾನೆ. ಭಯವಾಗಬೇಕಿತ್ತು. ಆಗಿದ್ದು ಹಿಗ್ಗು. ಒಂಟೆ ಇನ್ನೂ ನಿಂತಿದೆ, ನಾಲ್ಕು ಕಾಲಿನ ಮೇಲೆ ನಿಂತಿದೆ, ನಾನು ಒತ್ತದಿದ್ದರೆ ಯಾರಿದ್ದಾರೆ ಇದನ್ನು ಬೀಳಿಸುವವರು. ಇಡೀ ಹೋಟೆಲನ್ನು ತನ್ನೆರಡು ಅಂಗೈಗಳಲ್ಲಿ ಎತ್ತಿ ಹಿಡಿದವನಂತೆ ಅವನು ನಿಂತಿದ್ದ. ಜಗತ್ತಿನ ಯಾವ ವೀರನಿಗೂ ಅಷ್ಟು ದೊಡ್ಡ ಗೆಲುವು, ಅಷ್ಟು ಸಣ್ಣ ಹೊತ್ತಿಗೆ, ಸಿಕ್ಕಿರಲಾರದು.

ಆಮೇಲೆ ಕೆಳಗಿನ ಮಹಡಿಗಳಲ್ಲಿ ಢಂ ಢಂ ಢಂ ಎಂದು ಸಾಲಾಗಿ ಸದ್ದಾಯಿತು. ಕಟ್ಟಡ ಒಂದು ಉಸಿರಿನಷ್ಟು ಹೊತ್ತು ಹಾಗೇ ನಿಂತಿತು. ಬಳಿಕ ಮುಂದಿನ ಮೊಣಕಾಲು ಊರಿ, ಹಿಂದಿನದನ್ನು ಮಡಿಸಿ, ಹೊರೆ ಇಳಿಸಲು ಕೂರುವ ಒಂಟೆಯಂತೆಯೇ ಕೂತಿತು. ನೀಲಿ ದೀಪ ಕೊನೆಯವರೆಗೂ ನಡೆಯುತ್ತಲೇ ಇಳಿಯಿತು. ಧೂಳು ಬಂದು ಎಲ್ಲರನ್ನೂ ನುಂಗಿತು. ಜನ ಕೇಕೆ ಹಾಕಿದರು.

ಧೂಳಿನೊಳಗಿಂದ ಟೆಕ್ಸಸ್ಸಿನವನು ವೇದಿಕೆಯ ಪಕ್ಕ ಬಂದು, ಬೂದು ಡಬ್ಬಿಯ ತಂತಿ ಸುತ್ತಿಕೊಳ್ಳುತ್ತ ನಿಂತ. ಹೋಸಿಯಾ ಅದನ್ನೂ ಕೆಂಪು ಪೆಟ್ಟಿಗೆಯನ್ನೂ ಬದಲಿಸಿ ಬದಲಿಸಿ ನೋಡಿದ. ಆತ ಕರುಣೆಯಿಂದಲೇ ಹೇಳಿದ:

"ನಿಮ್ಮದಕ್ಕೆ ತಂತಿ ಇಲ್ಲ ಯಜಮಾನ್ರೆ. ಯಾವತ್ತೂ ಇರಲ್ಲ. ಅಷ್ಟು ಮದ್ದನ್ನ ಬೋ ಟೈ ಕಟ್ಟಿದವರ ಕೈಗೆ ಕೊಡಕ್ಕಾಗುತ್ತಾ?"

ಒತ್ತಿದ್ದರೂ ಬೀಳುತ್ತಿತ್ತು, ಒತ್ತದಿದ್ದರೂ ಬಿತ್ತು. ಇದನ್ನು ಅರಗಿಸಿಕೊಳ್ಳುವ ಮೊದಲೇ ಸಂಜೆಯಾಯಿತು, ಸಂಜೆಗೆ ಟೀವಿ ಬಂತು. ಬೋ ಟೈ ಕಟ್ಟಿದ ಕುಳ್ಳ ಮನುಷ್ಯ ಗುಂಡಿಯ ಗೊಡವೆಗೇ ಹೋಗದೆ ಒಂದು ಚಪ್ಪಾಳೆ ತಟ್ಟುತ್ತಾನೆ, ಹೋಟೆಲು ಬೀಳುತ್ತದೆ. ನಿಧಾನಗತಿಯಲ್ಲಿ ತೋರಿಸಿದರು. ಹಿಂದುಮುಂದಾಗಿಯೂ ತೋರಿಸಿದರು: ಹೋಟೆಲು ಏಳುತ್ತದೆ, ಅವನು ಚಪ್ಪಾಳೆ ಬಿಚ್ಚುತ್ತಾನೆ. ಸುದ್ದಿ ಓದುವವಳು ನಗು ತಡೆಯಲಾರದೆ ಕಾಗದದಿಂದ ಮುಖ ಮುಚ್ಚಿಕೊಂಡಳು. ಊರು ಒಂದು ವಾರ ನಕ್ಕಿತು.

ನಗದವರು ಎರಡು ಕಡೆ ಇದ್ದರು. ಒಂದು, ಅಜುರಾ ಕಂಪನಿ. ಹೊಂಬಣ್ಣದ ಹೆಸರಿನ ಗುಂಡಿಯ ಮೇಲೆ ಹಳೆಯ ನೌಕರನ ಕೈ ಇರುವ ಚಿತ್ರಕ್ಕಾಗಿ ಇಷ್ಟೆಲ್ಲ ಮಾಡಿದ್ದು. ಈಗ ಗುಂಡಿ ಸುಳ್ಳೆಂದು ಊರಿಗೇ ಗೊತ್ತಾಯಿತು. ಮಿಸ್ ವಿಂಗೇಟ್ ಫೋನಿನಲ್ಲಿ ಬಹಳ ಮೆದುವಾಗಿ ಮಾತಾಡಿದಳು. ತನಗೇನೋ 'ಪರವಾಗಿಲ್ಲ' ಅನ್ನಿಸುತ್ತದೆ, ಆದರೆ ಕಾಗದದಲ್ಲಿ ಗುಂಡಿ ಒತ್ತಿದ ಮರುದಿನದಿಂದ ಎಂದಿದೆ, ಗುಂಡಿಯನ್ನು ಒತ್ತಲಾಗಿಲ್ಲ ಎಂದು ವಕೀಲರು ಹೇಳುತ್ತಾರೆ ಎಂದಳು. ತಂತಿಯೇ ಇಲ್ಲದ ಗುಂಡಿ ಎಂದು ಹೋಸಿಯಾ ನೆನಪಿಸಿದ. ಕಾಗದದಲ್ಲಿ ತಂತಿಯ ಬಗ್ಗೆ ಏನೂ ಇಲ್ಲ ಎಂದಳು. ವಿಮೆಯ ಮಾತು ಅಲ್ಲಿಗೆ ಮುಗಿಯಿತು.

ಇನ್ನೊಂದು ಕಡೆ, ಒಂಟೆಯ ನೂರಿಪ್ಪತ್ತು ಜನ. ಮುಂದಿನ ಭಾನುವಾರ ಚರ್ಚಿನಲ್ಲಿ ಅರ್ನೆಸ್ಟಿನ್ ಕೂತ ಬೆಂಚಿನಿಂದ ಚಾದರದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹಿಂದೆ ಹೋಗಿ ಕೂತರು. ಒಡೆಸ್ಸಾಳ ಪಕ್ಕದಲ್ಲಿ ನಿಂತು ಹತ್ತೊಂಬತ್ತು ವರ್ಷ ಚಾದರ ಹಿಂಡಿದ ಮುದುಕಿಯೂ ಕೋಲೂರಿಕೊಂಡು ಎದ್ದಳು. ಹೋಸಿಯಾ ಮನೆಮನೆಗೆ ಹೋದ. ಅದು ಚಪ್ಪಾಳೆಯಲ್ಲ, ಕೈ ತೋರಿಸಿದ್ದು, ಮೇಜಿನವರ ಕಟ್ಟಳೆ ಎಂದು ಬಿಡಿಸಿ ಹೇಳಿದ, ಮಾಡಿ ತೋರಿಸಿದ. ಮಾಡಿ ತೋರಿಸಿದಷ್ಟೂ ಅದು ಚಪ್ಪಾಳೆಯಂತೆಯೇ ಕೇಳಿಸಿತು. ಬಾಗಿಲುಗಳು ಮುಚ್ಚಿಕೊಂಡವು. ಮುಚ್ಚಿದ ಬಾಗಿಲಿನ ಹಿಂದೆ ಮಕ್ಕಳು ಚಪ್ಪಾಳೆ ತಟ್ಟಿ, ಧೊಪ್ಪನೆ ಬೀಳುವ ಆಟವಾಡುವುದು ಕೇಳಿಸುತ್ತಿತ್ತು.

ಸಿರಿಲೊ ಆರು ವಾರ ಬರಲಿಲ್ಲ. ಏಳನೆಯ ವಾರ ಬಂದು, ಒಳಗೆ ಬಾರದೆ, ಮೆಟ್ಟಿಲ ಮೇಲೆ ಕೂತ. ಹೋಸಿಯಾ ಹೋಗಿ ಪಕ್ಕದಲ್ಲಿ ಕೂತ.

"ನಾನು ನೋಡಿದ ತಕ್ಷಣ ಗುರುತು ಹಿಡಿದೆ ಕುಯಾ. ಆ ಹುಡುಗಿ ಭುಜ ತಟ್ಟಿದ್ಲು."

"ತಟ್ಟಿದ್ಲು."

"ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ."

ಹೋಸಿಯಾನ ಕಣ್ಣು ತುಂಬಿತು. ಅಂಗಿಯ ತೋಳಿನಿಂದ ಒರೆಸಿಕೊಂಡು ಕೇಳಿದ: "ಅವರಿಗೆಲ್ಲ ಹೇಳಿದ್ಯಾ?"

"ಹೇಳದೆ ಇರ್ತೀನಾ. ಕೈ ತೋರಿಸೋದು ಅಂದ್ರೇನು ಅಂತ ಕೇಳಿದ್ರು. ನಾನಿಲ್ಲಿಂದ ಏನೂ ಒಯ್ತಾ ಇಲ್ಲ ಅಂತ ಅರ್ಥ, ಅಂದೆ."

"ಮತ್ತೆ?"

ಸಿರಿಲೊ ತನ್ನ ಕೈಗಳನ್ನೇ ನೋಡಿಕೊಂಡ. "ಒಯ್ಯಕ್ಕೆ ಅಂತಾನೇ ಹೋಗಿದ್ನಲ್ಲ, ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ ಕುಯಾ. ನಿನ್ನ ಹತ್ರ ಇದ್ರೆ ಹೇಳು, ಹೋಗಿ ಹೇಳ್ತೀನಿ."

ಸಿರಿಲೊ ಎದ್ದ. ಅಭ್ಯಾಸದಂತೆ ಹೋಸಿಯಾನ ಭುಜ ತಟ್ಟಲು ಕೈ ಎತ್ತಿದವನು, ಏನೋ ನೆನಪಾಗಿ, ಕೈಯನ್ನು ತನ್ನ ತಲೆಗೆ ಒಯ್ದು ಕೂದಲು ಸವರಿಕೊಂಡು ಹೋದ. ಮರುವರ್ಷ ಮಗಳಿದ್ದ ರೀನೋ ಊರಿಗೆ ಹೊರಟುಹೋದ.

ಅಜುರಾ ಬರಲಿಲ್ಲ. ಒಂಟೆಯ ಅವಶೇಷ ಸಾಗಿಸಿ, ದೊಡ್ಡ ಗುಂಡಿ ತೋಡಿ, ಸುತ್ತ ಹಲಗೆಯ ಬೇಲಿ ಹಾಕಿ, ಬೇಲಿಯ ಮೇಲೆ ನೀಲಿ ಸರೋವರ, ಬಿಳಿ ಮರಳು, ನಗುವ ಹೆಂಗಸರನ್ನು ಬರೆಸಿದರು. ಆಮೇಲೆ ದುಡ್ಡು ಹಾಕುವವರು ಕೈ ಎತ್ತಿದರಂತೆ. ಎಂಟು ವರ್ಷವಾಯಿತು. ಬಿಸಿಲಿಗೆ ಸರೋವರ ಮಾಸಿ ಬೂದಿಯ ಬಣ್ಣಕ್ಕೆ ಬಂದಿದೆ. ಅರ್ನೆಸ್ಟಿನ್‌ಗೆ ಬಲಪಾದ ಹೋಯಿತು, ಆಮೇಲೆ ಮೊಣಕಾಲಿನವರೆಗೆ ಹೋಯಿತು. ಸರ್ಕಾರಿ ಆಸ್ಪತ್ರೆಯ ಸರದಿಯಲ್ಲಿ ಗಾಲಿಕುರ್ಚಿಯ ಮೇಲೆ ಕೂತವಳು ಅಕ್ಕಪಕ್ಕದವರಿಗೆ ಮದುವೆಯ ದಿನದ ಕಥೆ ಹೇಳಿ ನಗಿಸುತ್ತಾಳೆ. ಯಾರ ಗಂಡ ಎಂದು ಹೇಳುವುದಿಲ್ಲ.

ಹೋಸಿಯಾ ಈಗ ಒಂದು ದಿನಸಿ ಅಂಗಡಿಯಲ್ಲಿ ಗಿರಾಕಿಗಳ ಸಾಮಾನನ್ನು ಚೀಲಕ್ಕೆ ತುಂಬುತ್ತಾನೆ. ಮೊಟ್ಟೆ ಮೇಲೆ, ಡಬ್ಬಿ ಕೆಳಗೆ. ಅಲ್ಲೂ ಪಾಳಿ ಮುಗಿದಾಗ ಬದಲಿಯವನು ಬಂದು ಭುಜ ತಟ್ಟುತ್ತಾನೆ. ತಟ್ಟಿದ ಕೂಡಲೇ ಹೋಸಿಯಾ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿ, ಒಳಗೇ ಮುಷ್ಟಿ ಕಟ್ಟಿ, ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಅದನ್ನು ಕಲಿಯಲು ಅವನಿಗೆ ಎರಡು ವರ್ಷ ಹಿಡಿಯಿತು. ಚಾವಣಿಯಲ್ಲಿ ಕ್ಯಾಮೆರಾ ಅಲ್ಲೂ ಇದೆ. ಕೆಲಸ ಮುಗಿದ ಕ್ಷಣ ಕೈಯನ್ನು ಜೇಬಿಗೆ ಹಾಕುವ ಮುದುಕನ ಮೇಲೆ ಅದಕ್ಕೆ ಮೊದಲಿಂದಲೂ ಅನುಮಾನ. ಹಾಗಾಗಿ ದಿನವೂ ಬಾಗಿಲ ಬಳಿ ಕಾವಲಿನವನು ಅವನನ್ನು ತಡೆದು, ಕ್ಷಮೆ ಕೇಳಿ, ಜೇಬುಗಳನ್ನು ಹೊರಗೆ ಎಳೆದು ನೋಡುತ್ತಾನೆ. ಇವತ್ತಿನವರೆಗೆ ಅಲ್ಲಿ ಸಿಕ್ಕಿರುವುದು ಒಂದು ಕರವಸ್ತ್ರ, ಬಸ್ಸಿನ ಪಾಸು ಮತ್ತು ಅರ್ನೆಸ್ಟಿನ್‌ಳ ಔಷಧಿ ಚೀಟಿ.